ಹಸಿಗೊಂದು ಕತ್ತರಿ, ಒಣಗಿದ್ದಕ್ಕೊಂದು

ಕೋಟೇಶ್ವರದಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗುವ ಮಣ್ಣಿನ ದಾರಿಯಲ್ಲಿ ಇನ್ನೂ ಬೆಳಕು ಸರಿಯಾಗಿ ಬಿದ್ದಿಲ್ಲ. ಹುಲ್ಲಿನ ಮೇಲೆ ಇಬ್ಬನಿ ಹಾಗೇ ಇದೆ. ಕುಸುಮಾವತಿ ಅಮ್ಮನವರ ಮನೆಯ ಹಿತ್ತಿಲಲ್ಲಿ, ಪೇರಳೆ ಮರದ ಬುಡದಲ್ಲಿ, ಕಮಲಕ್ಕ ಗೋಣಿಚೀಲ ಹಾಸಿ ತಮ್ಮ ಸಾಮಾನುಗಳನ್ನು ಒಂದೊಂದಾಗಿ ಇಳಿಸುತ್ತಿದ್ದಾರೆ. ಎರಡು ಕೈಕತ್ತರಿ. ಉದ್ದ ಹಿಡಿಯ ಇನ್ನೊಂದು ಕತ್ತರಿ. ದೊಡ್ಡ ಹಲ್ಲಿನ, ಮಡಚುವ ಗರಗಸ. ಮರದ ಹಿಡಿಯ, ಸಣ್ಣ ಹಲ್ಲಿನ ಹಳೆಯ ಗರಗಸ. ಒಂದು ಇಕ್ಕಳ. ಕೊನೆಗೆ ಒಂದು ಕತ್ತಿ. ಕತ್ತಿಯನ್ನು ಮಾತ್ರ ಗೋಣಿಯ ಹೊರಗೆ, ಬರಿನೆಲದ ಮೇಲೆ ಇಡುತ್ತಾರೆ. ಅದು ಬಳ್ಳಿ ಸವರುವುದಕ್ಕೆ, ಬಿದ್ದ ಕೊಂಬೆಯನ್ನು ಸೌದೆ ಮಾಡುವುದಕ್ಕೆ. ಮರದ ಮೇಲಿರುವ ಗೆಲ್ಲಿಗೆ ಅದನ್ನು ಮುಟ್ಟಿಸುವುದಿಲ್ಲ.

ಎರಡು ಕೈಕತ್ತರಿಗಳು ದೂರದಿಂದ ನೋಡಿದರೆ ಅಕ್ಕತಂಗಿಯರ ಹಾಗೆ ಒಂದೇ ಥರ. ಕೈಗೆ ತೆಗೆದುಕೊಂಡರೆ ಬೇರೆ. ಒಂದರಲ್ಲಿ ಎರಡು ಬಾಗಿದ ಅಲಗುಗಳು. ಬಟ್ಟೆ ಕತ್ತರಿಯಂತೆ ಒಂದರ ಪಕ್ಕದಿಂದ ಇನ್ನೊಂದು ಜಾರಿಹೋಗುತ್ತದೆ. ಇನ್ನೊಂದರಲ್ಲಿ ಅಲಗು ಒಂದೇ. ಅದು ಕೆಳಗಿನ ಚಪ್ಪಟೆ ಪಟ್ಟಿಯ ಮೇಲೆ ಬಂದು ಕೂರುತ್ತದೆ, ಮೀನು ಕೊಚ್ಚುವಾಗ ಕತ್ತಿ ಮಣೆಯ ಮೇಲೆ ಕೂತ ಹಾಗೆ. ಮೊದಲಿನದನ್ನು ಕಮಲಕ್ಕ ಹಸಿ ಕತ್ತರಿ ಎನ್ನುತ್ತಾರೆ, ಎರಡನೆಯದನ್ನು ಒಣ ಕತ್ತರಿ. ಅಂಗಡಿಯಲ್ಲಿ ಅವುಗಳಿಗೆ ಬೇರೆ ಹೆಸರಿರಬಹುದು, ಅವರಿಗೆ ಅದು ಬೇಕಾಗಿಲ್ಲ.

"ಜೀವ ಇಪ್ಪ ಗೆಲ್ಲನ್ನ ಒಣ ಕತ್ತರಿಯಗೆ ಒತ್ತಿರೆ ಜಜ್ಜಿ ಹೋತ್ತ್," ಎಂದು ದಾಸವಾಳದ ಒಂದು ಕಡ್ಡಿ ಹಿಡಿದು ತೋರಿಸುತ್ತಾರೆ. "ಜಜ್ಜಿದ್ ಗಾಯ ಬೇಗ ಮಾಯ್ತಿಲ್ಲೆ. ನೀರ್ ನಿಂತ್ಕಂಡ್ ಕೊಳೀತ್ತ್. ಸತ್ತದ್ದಕ್ಕೆ ಎಂತ, ಜಜ್ಜಿರೂ ಒಂದೇ, ಕೊಯ್ದ್ರೂ ಒಂದೇ. ಅದ್ಕ್ ನೋವಿಲ್ಲೆ. ಒಣ ಗೆಲ್ಲಿನ ಮೇಲ್ ಹಸಿ ಕತ್ತರಿ ಹಾಕಿರೆ ಕತ್ತರಿದೇ ಬಾಯ್ ಹೋಪ್ದ್."

ಹೆಬ್ಬೆರಳಿನ ದಪ್ಪದವರೆಗೆ ಕೈಕತ್ತರಿ ಸಾಕು. ಅದಕ್ಕಿಂತ ದಪ್ಪವಿದ್ದು ಮೂರು ಬೆರಳಿನೊಳಗೆ ಇದ್ದರೆ ಉದ್ದ ಹಿಡಿಯದು. ಅದನ್ನೂ ಮೀರಿದರೆ ಗರಗಸ. ಗರಗಸದಲ್ಲೂ ಹಸಿಗೆ ದೊಡ್ಡ ಹಲ್ಲು, ಒಣಗಿದ್ದಕ್ಕೆ ಸಣ್ಣ ಹಲ್ಲು. ಆದರೆ ಯಾವುದು ಹಸಿ, ಯಾವುದು ಸತ್ತದ್ದು ಎಂದು ತಿಳಿಯುವುದು ಸಾಮಾನಿನಿಂದ ಅಲ್ಲ. ಎಲೆ ಉದುರಿದ ಮಾತ್ರಕ್ಕೆ ಗೆಲ್ಲು ಸತ್ತಿತು ಎನ್ನಲಾಗುವುದಿಲ್ಲ.

ಪೇರಳೆಯ ಒಂದು ಗೆಲ್ಲು ಬೋಳಾಗಿ ನಿಂತಿದೆ. ಕಮಲಕ್ಕ ಸೆರಗನ್ನು ಸೊಂಟಕ್ಕೆ ಬಿಗಿದು, ಏಣಿಯ ಎರಡು ಮೆಟ್ಟಿಲು ಹತ್ತಿ, ಹೆಬ್ಬೆರಳ ಉಗುರಿನಿಂದ ತೊಗಟೆಯನ್ನು ಒಂದಿಷ್ಟು ಕೆರೆಯುತ್ತಾರೆ. ಒಳಗೆ ಕಂದು. ಸ್ವಲ್ಪ ಈಚೆಗೆ ಕೆರೆಯುತ್ತಾರೆ. ಅಲ್ಲೂ ಕಂದು. ಕೈ ಬುಡದ ಹತ್ತಿರ ಬಂದಾಗ ಉಗುರಿಗೆ ತಣ್ಣಗೆ ತಾಗುತ್ತದೆ, ಎಳೆ ಹಸಿರು ಕಾಣುತ್ತದೆ. ಹಸಿರು ನಿಂತು ಕಂದು ಶುರುವಾಗುವ ಜಾಗದಲ್ಲಿ, ತೊಗಟೆಯೊಳಗೆ ಹೂತುಹೋದ ಒಂದು ತಂತಿ.

ಅಷ್ಟು ಹೊತ್ತಿಗೆ ಕುಸುಮಾವತಿ ಅಮ್ಮ ಚಾ ಲೋಟ ಹಿಡಿದು ಹಿಂಬಾಗಿಲಿಗೆ ಬರುತ್ತಾರೆ. ಅರವತ್ತು ದಾಟಿದ ಹೆಂಗಸು, ಗದ್ದೆ ತೋಟ ಇರುವ ಮನೆತನ, ಗಂಡ ಉಮಾನಾಥರದು ಮುಂಬೈಯಲ್ಲಿ ಹೋಟೆಲು.

"ಹ್ವಾಯ್ ಅಮ್ಮ, ಈ ಸರ್ಗಿ ಯಾರ್ ಕಟ್ಟದ್ದ್ ಇಲ್ಲಿ?"

"ನಾನೇ ಮಾರಾಯ್ತಿ. ಬಟ್ಟಿ ಒಣ್ಸುಕೆ. ಯಾವ ಕಾಲದ್ದೋ ಅದ್."

"ಮರದ ಕುತ್ಗಿಗ್ ಕಟ್ಟಿ ಬಟ್ಟಿ ಒಣ್ಸುದಾ? ನಿಮ್ಮ ಕುತ್ಗಿಗ್ ಕಟ್ಟಿರೆ ಗೊತ್ತಾತಿತ್ತ್."

"ಕಟ್ಟಿರಲೆ, ಮದಿ ದಿನ," ಎಂದು ಕುಸುಮಾವತಿ ಅಮ್ಮ ಕೊರಳಿನ ಕರಿಮಣಿ ಎತ್ತಿ ತೋರಿಸುತ್ತಾರೆ. "ಕಟ್ಟಿಕಿ ಬೊಂಬಾಯಿಗ್ ಹೋದ್ರ್. ಇದೂ ಹಾಂಗೇ ಒಳ್ಗ್ ಹೋಯಿತ್ತ್ ಕಾಣ್."

ಇಬ್ಬರೂ ನಗುತ್ತಾರೆ. ನಗುನಗುತ್ತಲೇ ಕುಸುಮಾವತಿ ಅಮ್ಮ ಮಾತು ಮುಂದುವರಿಸುತ್ತಾರೆ. "ನಂಗ್ ಬೈತೆ ನೀನ್. ನಿನ್ನ ಮನಿ ಮಾಯಿನ್ ಮರದಗೆ ಇಪ್ಪುದ್ ಎಂತ ಹಂಗಾರೆ?"

ಕಮಲಕ್ಕನ ನಗು ಅಲ್ಲಿಗೆ ನಿಲ್ಲುತ್ತದೆ. ಕುಸುಮಾವತಿ ಅಮ್ಮನಿಗೂ ತಾನು ಏನು ಹೇಳಿದೆ ಎಂಬುದು ಆಮೇಲೆ ಹೊಳೆದಿರಬೇಕು. ಲೋಟವನ್ನು ಒಗೆಯುವ ಕಲ್ಲಿನ ಮೇಲೆ ಇಟ್ಟು, ಸ್ವರ ತಗ್ಗಿಸಿ ಕೇಳುತ್ತಾರೆ.

"ಆಯ್ತವಾರ ಅಲ್ದಾ ಬೊಜ್ಜ?"

"ಹ್ಞಾಂ."

"ಗೆಲ್ಲ್ ಕಡಿದ್ಯಾ?"

"ಇಲ್ಲೆ ಅಮ್ಮ. ಕಡೀಕ್."

ಕಮಲಕ್ಕ ಚಾ ಕುಡಿದು ಲೋಟ ತೊಳೆದಿಟ್ಟು ಬಂದು, ಇಕ್ಕಳದಲ್ಲಿ ಪೇರಳೆಯ ತಂತಿಯನ್ನು ಚೂರು ಚೂರಾಗಿ ಕಿತ್ತು ತೆಗೆಯುತ್ತಾರೆ. ಸತ್ತ ಭಾಗವನ್ನು ಒಣ ಕತ್ತರಿಯಿಂದ ತುಂಡು ಮಾಡುತ್ತಾರೆ.

ಬೊಜ್ಜ ಎಂದರೆ ಸತ್ತವರ ಉತ್ತರಕ್ರಿಯೆ. ಕಮಲಕ್ಕನ ಗಂಡ ಪಾಂಡುವಿನದು. ಪಾಂಡು ಸತ್ತಿದ್ದಾರೆಂದು ಊರಿಗೆ ಊರೇ ಹೇಳಿ ವರ್ಷಗಳಾದವು. ಕಮಲಕ್ಕ ಮಾತ್ರ ಇದುವರೆಗೆ ಹಾಗೆ ಹೇಳಿಲ್ಲ.

ಅವರ ತವರು ಶಿರೂರು, ಕಡಲಂಚಿನ ಮನೆ. ಮದುವೆಯಾಗಿ ಬಂದದ್ದು ಕುಂದಾಪುರದ ಕೋಡಿಗೆ, ಅದೂ ಕಡಲಂಚೇ. ತವರಲ್ಲಿ ಅಮ್ಮ ಹೇಳಿಕೊಟ್ಟ ಕೆಲವು ನೇಮಗಳನ್ನು ಕಮಲಕ್ಕ ಸೀರೆಗಳ ಜೊತೆಗೇ ತಂದಿದ್ದರು. ಗಂಡಸರು ಕಡಲಿಗೆ ಇಳಿದ ಮೇಲೆ ಅವರ ಬೆನ್ನ ಹಿಂದೆ ಅಂಗಳ ಗುಡಿಸಬಾರದು. ಹೋಗುವಾಗ ಅವರು ಕಟ್ಟಿಟ್ಟ ಗಂಟನ್ನು ಮನೆಯ ಹೆಂಗಸರು ಬಿಚ್ಚಬಾರದು. ಬಲೆಯದಿರಲಿ, ಬುತ್ತಿಯದಿರಲಿ, ದನದ ಹಗ್ಗದ್ದೇ ಇರಲಿ. ಕಟ್ಟಿದವರು ಬಂದು ಬಿಚ್ಚಬೇಕು. ಎಲ್ಲ ಮನೆಗಳಲ್ಲೂ ಈ ನೇಮವಿಲ್ಲ. ಪಾಂಡುವಿನ ಮನೆಯಲ್ಲಿ ಇರಲಿಲ್ಲ. ಹೊಸ ಸೊಸೆ ಗಂಟಿನ ಮಾತು ತೆಗೆದಾಗ ಪಾಂಡು ನಗಾಡಿದ್ದರಂತೆ: "ಹಂಗಾರೆ ನನ್ನ ಲುಂಗಿ ಗಂಟೂ ನಾನೇ ಬಿಚ್ಚುಕಾ?"

ಪಾಂಡು ಬ್ರಹ್ಮಾವರದ ನರ್ಸರಿಯಿಂದ ಒಂದು ಮುಂಡಪ್ಪ ಮಾವಿನ ಕಸಿ ಗಿಡ ತಂದು ಅಂಗಳದ ಬದಿಯಲ್ಲಿ ನೆಟ್ಟಿದ್ದರು, ಮಗಳು ಶರಣ್ಯಾ ಹುಟ್ಟಿದ ವರ್ಷ. ಉಪ್ಪುಗಾಳಿಗೆ ಅದು ಎತ್ತರಕ್ಕೆ ಹೋಗಲಿಲ್ಲ, ಅಡ್ಡಕ್ಕೆ ಬೆಳೆಯಿತು. ಕೆಳಗಿನ ಒಂದು ಗೆಲ್ಲು ಗಂಡಸಿನ ಭುಜದ ಎತ್ತರಕ್ಕೆ ಚಾಚಿಕೊಂಡಿತು. ಅದಕ್ಕೆ ಹಗ್ಗ ಕಟ್ಟಿ, ಹಗ್ಗಕ್ಕೆ ಬಲೆ ತೂಗುಹಾಕಿ, ಕಾಲು ಚಾಚಿ ಕೂತು ಬಲೆಯ ಹರಕು ಹೊಲಿಯುವುದು ಪಾಂಡುವಿನ ಸಂಜೆಯ ಕೆಲಸ.

ಮಳೆಗಾಲದ ಆಸಾಡಿ ತಿಂಗಳ ಒಂದು ಬೆಳಿಗ್ಗೆ ಬಲೆಯನ್ನು ಇಳಿಸಿಕೊಂಡು ಹೊರಟವರು ಹಗ್ಗವನ್ನು ಗೆಲ್ಲಿನಲ್ಲೇ ಬಿಟ್ಟಿದ್ದರು. ನೀಲಿ ನೈಲಾನ್ ಹಗ್ಗ, ಎರಡು ಸುತ್ತು, ಒಂದು ಗಂಟು. ತುದಿ ಕೆಳಗೆ ಜೋಲುತ್ತಿತ್ತು. ನೀರು ಹೊತ್ತು ಬರುತ್ತಿದ್ದ ಕಮಲಕ್ಕನ ಕೊಡಕ್ಕೆ ಅದು ಸಿಕ್ಕಿಕೊಂಡಿತು.

"ಬೈದೆ ನಾನ್," ಎನ್ನುತ್ತಾರೆ ಅವರು; ಹಗ್ಗಕ್ಕೆ ಅವರು ಬಳ್ಳಿ ಎನ್ನುವುದು. "ಈ ಬಳ್ಳಿ ಬಿಚ್ಚಿಟ್ಟ್ ಹೋಪುಕೆ ನಿಮ್ಗ್ ಎಂತ ಆಯ್ತ್ ಅಂದೆ. ಸಂಜಿಗ್ ಬಂದ್ ಬಿಚ್ತೆ, ಹಾಂಗೇ ಇರ್ಲಿ ಅಂದ್ರ್. ಅಷ್ಟೇ ಮಾತ್. ಮುಖ ಸಮಾ ಕಾಣ್ಲಿಲ್ಲೆ ನಾನ್, ಕೊಡ ತುಂಬಿತ್ತಲೆ."

ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ದೋಣಿ ಮಗುಚಿತು. ಜೊತೆಗಿದ್ದ ಇಬ್ಬರು ಈಜಿ ದಡ ಸೇರಿದರು. ದೋಣಿ ಸಿಕ್ಕಿತು, ಬಲೆಯೂ ಸಿಕ್ಕಿತು. ಪಾಂಡು ಸಿಗಲಿಲ್ಲ. ಊರಿನ ದೋಣಿಗಳೆಲ್ಲ ಹುಡುಕಿದವು. ಉತ್ತರಕ್ಕೆ ಬೈಂದೂರು ದಾಟಿ ಶಿರೂರಿನವರೆಗೆ, ಕಮಲಕ್ಕನ ತವರಿನ ದಡದವರೆಗೆ, ಜನ ಕಡಲು ನೋಡುತ್ತಾ ನಡೆದರು.

ಗಂಡನಿದ್ದಾಗಲೂ ಕಮಲಕ್ಕ ಮನೆಮನೆಗೆ ಮೀನು ಮಾರುತ್ತಿದ್ದವರೇ. ಕೋಟೇಶ್ವರದ ಈ ದಾರಿಯ ಮನೆಗಳೆಲ್ಲ ಅವರ ಗಿರಾಕಿಗಳು. ಮಳೆ ನಿಂತ ಮೇಲೆ, ಮಗಳ ಹೊಟ್ಟೆ ನೋಡಬೇಕಲ್ಲ ಎಂದು, ಮತ್ತೆ ಹೆಡಿಗೆ ಹೊತ್ತರು. ಕುಸುಮಾವತಿ ಅಮ್ಮನ ಹಿಂಬಾಗಿಲಲ್ಲಿ ಕೂತು ಒಂದು ದೊಡ್ಡ ಮೀನನ್ನು ಮಣೆಯ ಮೇಲಿಟ್ಟರು. ಕತ್ತಿ ಎತ್ತಿದರು. ಹಾಗೇ ಕೂತರು.

"ಅದ್ರ ಹೊಟ್ಟಿ ಸೀಳುಕೆ ಕೈ ಬರ್ಲಿಲ್ಲೆ," ಎನ್ನುತ್ತಾರೆ. "ಕಡಲಗೆ ಅದ್ ಎಂತ ತಿಂದಿತ್ತೋ ಅಂದೇಳಿ ತಲಿಗ್ ಬಂತ್. ಒಂದ್ ಸಲ ಬಂದ್ರೆ ಮತ್ತ್ ಹೋತ್ತಾ ಅದ್?"

ಆ ದಿನದಿಂದ ಕಮಲಕ್ಕ ಮೀನು ಮಾರಿಲ್ಲ, ತಿಂದೂ ಇಲ್ಲ. ಮೀನು ಬಿಟ್ಟ ಮೀನುಗಾರರ ಮನೆಯ ಹೆಂಗಸು ಏನು ಮಾಡಬೇಕು? ಕುಸುಮಾವತಿ ಅಮ್ಮ ಹೆಡಿಗೆಯನ್ನು ತಾವೇ ಎತ್ತಿ ಬದಿಗಿಟ್ಟು, ಒಳಗಿಂದ ಒಂದು ಕತ್ತರಿ ತಂದುಕೊಟ್ಟರು. ಉಮಾನಾಥರು ಮುಂಬೈಯಿಂದ ತಂದು, ಯಾರೂ ಉಪಯೋಗಿಸದೆ ಕಪಾಟಿನಲ್ಲಿ ಬಿದ್ದಿದ್ದ ಹಸಿ ಕತ್ತರಿ. "ಆ ದಾಸವಾಳ ದಾರಿಗ್ ಅಡ್ಡ ಬತ್ತಿತ್ತ್. ಅದ್ನ ಕೊಯ್. ಅದ್ರ ಹೊಟ್ಯಗೆ ಎಂತ ಇಲ್ಲೆ," ಎಂದರಂತೆ. ಬೇರೆ ಯಾರಾದರೂ ಆ ಮಾತು ಹೇಳಿದ್ದರೆ ಕಮಲಕ್ಕ ಎದ್ದು ಹೋಗುತ್ತಿದ್ದರು.

ಕೆಲಸ ತಾನಾಗಿ ಬರಲಿಲ್ಲ. ಮೊದಲ ವರ್ಷವೇ ಒಂದು ಎಡವಟ್ಟಾಯಿತು, ಅದನ್ನು ಕುಸುಮಾವತಿ ಅಮ್ಮ ಇವತ್ತಿಗೂ ಬಂದವರ ಮುಂದೆ ಆಡಿಕೊಳ್ಳುತ್ತಾರೆ. ದೋಣಿಯ ಮರಕ್ಕೆ ಹುಳು ಹಿಡಿಯದಿರಲಿ, ನೀರು ಇಳಿಯದಿರಲಿ ಎಂದು ಗೇರೆಣ್ಣೆ ಬಳಿಯುತ್ತಾರೆ. ಗೇರುಬೀಜದ ಸಿಪ್ಪೆಯ ಆ ಎಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟ ಗಾಯವಾಗುತ್ತದೆ. ಕಮಲಕ್ಕ ಹಿತ್ತಿಲಿನ ಸಂಪಿಗೆಯನ್ನು ಚೆಂದವಾಗಿ ಸವರಿ, ಕೊಯ್ದ ಬಾಯಿಗಳಿಗೆಲ್ಲ ಮನೆಯಿಂದ ತಂದ ಗೇರೆಣ್ಣೆ ಬಳಿದರು. ಮರಕ್ಕೆ ಒಳ್ಳೆಯದಾಗಲಿ ಎಂದೇ. ಸಂಪಿಗೆ ಬಳಿದಲ್ಲೆಲ್ಲ ಕಪ್ಪಾಗಿ, ಕೆಳಕೆಳಗೆ ಒಣಗುತ್ತಾ ಬಂದು, ಮಳೆಗಾಲದ ಮೊದಲೇ ಸತ್ತಿತು.

"ನನ್ನ ಅತ್ತಿ ನೆಟ್ಟ ಸಂಪ್ಗಿ ಅದ್," ಎನ್ನುತ್ತಾರೆ ಕುಸುಮಾವತಿ ಅಮ್ಮ. "ಅತ್ತಿಯಿಂದ ನಂಗ್ ಬಿಡುಗಡಿ ಕೊಟ್ಟದ್ದೇ ಇವ್ಳ್."

ಕಮಲಕ್ಕ ಅದಕ್ಕೆ ನಗುವುದಿಲ್ಲ. "ದ್ವಾಣಿ ಮರ ಸತ್ತ ಮರ. ಇದ್ ಜೀವ ಇಪ್ಪುದ್. ನಂಗ್ ಅಷ್ಟೂ ಗೊತ್ತಾಗ್ಲಿಲ್ಲೆ ಆಗಳ್," ಎಂದಷ್ಟೇ ಹೇಳುತ್ತಾರೆ. ಒಣ ಕತ್ತರಿಯನ್ನು ಅವರು ತಂದದ್ದು ಆ ಸಂಪಿಗೆಯನ್ನು ತುಂಡು ಮಾಡುವುದಕ್ಕೆ.

ಈಗ ದಿನಕ್ಕೆ ಎರಡು ಹಿತ್ತಿಲು, ಸಣ್ಣದಿದ್ದರೆ ಮೂರು. ಕೋಟೇಶ್ವರ ಮುಗಿದರೆ ಗುಲ್ವಾಡಿಯ ಹೊಳೆಬದಿಯ ಮನೆಗಳು. ಮಲ್ಲಿಗೆ ಸವರುವ ಕಾಲಕ್ಕೆ ಬ್ರಹ್ಮಾವರದ ಕಡೆಯಿಂದ ಫೋನು ಬರುತ್ತದೆ. ಮೊದಲ ಬಸ್ಸಿಗೆ ಹತ್ತುವಾಗ ಗೋಣಿಚೀಲದಿಂದ ಗರಗಸದ ಹಿಡಿ ಇಣುಕಿದರೆ ಕಂಡಕ್ಟರು ಸೀಟು ತೋರಿಸುತ್ತಾ, "ಕಮಲಕ್ಕ, ಕೊನಿಗ್ ಕೂಕಣಿ, ಮಂದಿ ಹೆದ್ರತ್ರ್," ಎನ್ನುತ್ತಾನೆ. ಮಾವಿನ ಸೊನೆ ಬಿದ್ದು ಮುಂಗೈ ಮೇಲೆ ಕಪ್ಪು ಕಲೆಗಳಾಗಿವೆ. ಚಗಳಿ ಇರುವೆಯ ಗೂಡಿರುವ ಗೆಲ್ಲಿಗೆ ಕೈಹಾಕಿ ರಾತ್ರಿಯಿಡೀ ಉರಿ ತಡೆದದ್ದುಂಟು. ಇತ್ತೀಚೆಗೆ ಬಲಗೈಯ ಬೆರಳುಗಳು ಬೆಳಿಗ್ಗೆ ಬೇಗ ಮಡಚುವುದಿಲ್ಲ; ಬಿಸಿನೀರಿನಲ್ಲಿ ಅದ್ದಿ, ನಾಲ್ಕು ಸಲ ಗಾಳಿಯಲ್ಲಿ ಕತ್ತರಿ ಒತ್ತಿದಂತೆ ಮಾಡಿ, ಆಮೇಲೆ ಹೊರಡುತ್ತಾರೆ. ಮಶೀನು ಹಿಡಿದು ಬರುವ ಗಂಡಸರು ಅರ್ಧ ಗಂಟೆಯಲ್ಲಿ ಬೇಲಿಯನ್ನು ಗೋಡೆಯಂತೆ ಮಾಡಿಕೊಟ್ಟು ಹೋಗುತ್ತಾರೆ. ಕೆಲವು ಮನೆಗಳು ಅತ್ತ ಹೋಗಿವೆ. ಕಮಲಕ್ಕನಿಗೆ ಅದರ ಮೇಲೆ ದೂರಿಲ್ಲ.

ದೂರಿರುವುದು ತನ್ನ ಮೇಲೆಯೇ. ಊರಿನ ಮರಗಳಲ್ಲಿ ಹಳೆಯ ತಂತಿ, ಮರೆತ ಹಗ್ಗ, ಉಯ್ಯಾಲೆಯ ಸರಪಳಿ ಹುಡುಕಿ ಹುಡುಕಿ ಬಿಡಿಸುವ ಕಮಲಕ್ಕ, ತನ್ನ ಅಂಗಳದ ಮಾವಿನ ಮರಕ್ಕೆ ಕೈ ಹಚ್ಚಲಿಲ್ಲ. ಪಾಂಡು ಕಟ್ಟಿದ ನೀಲಿ ಹಗ್ಗ ಎರಡು ಸುತ್ತು, ಒಂದು ಗಂಟು, ಹಾಗೇ ಇತ್ತು. ಗೆಲ್ಲು ದಪ್ಪವಾಗುತ್ತಾ ಬಂತು, ಹಗ್ಗ ದಪ್ಪವಾಗಲಿಲ್ಲ. ಮೊದಲು ತೊಗಟೆ ಉಬ್ಬಿತು. ಆಮೇಲೆ ಹಗ್ಗ ಒಳಗೆ ಹೂತಿತು. ಎರಡು ವರ್ಷದ ಕೆಳಗೆ ಗೆಲ್ಲಿನ ತುದಿಯ ಎಲೆಗಳು ಹಳದಿಯಾದವು.

ಆ ಸಂಜೆ ಕಮಲಕ್ಕ ಮರದ ಕೆಳಗೆ ನಿಂತರು. ಕೈಯಲ್ಲಿ ಕತ್ತರಿಯಿತ್ತು. ಉಗುರಿನಿಂದ ಕೆರೆದು ನೋಡಿದರು. ಹಸಿರಿತ್ತು.

"ಆಗಳ್ ಹಸಿ ಇದ್ದಿತ್ತ್," ಎನ್ನುತ್ತಾರೆ. ಈ ಮಾತನ್ನು ಅವರು ಎರಡು ಸಲ ಹೇಳುತ್ತಾರೆ. "ಬಳ್ಳಿ ಕೊಯ್ದಿದ್ರೆ ಬದ್ಕತಿತ್ತ್. ಒಂದ್ ಸಲ ಕತ್ತರಿ ಒತ್ತಿರೆ ಆಯ್ತ್. ಕೈ ಎತ್ದೆ. ಗಂಟ್ ಕಂಡ್ತ್. ಅವ್ರ್ ಕಟ್ಟದ್ದ್. ಸಂಜಿಗ್ ಬತ್ತೆ ಅಂದೇಳಿ ಹೋದವ್ರ್. ನಾನ್ ಬಿಚ್ಚಿರೆ, ಬತ್ತಿಲ್ಲೆ ಅಂದೇಳಿ ನಾನೇ ಹೇಳ್ದಂಗ್ ಆತ್ತಲೆ. ಕೈ ಇಳ್ಸಿ ಒಳ್ಗ್ ಹೋದೆ. ಗಂಜಿ ಬೇಯ್ಸ್ದೆ."

ಆ ಮಳೆಗಾಲ ದಾಟುವಷ್ಟರಲ್ಲಿ ಗೆಲ್ಲು ಸತ್ತಿತು. ಗಂಡನ ಗಂಟನ್ನು ಉಳಿಸಿಕೊಳ್ಳಲು ಹೋಗಿ ಗಂಡ ನೆಟ್ಟ ಮರದ ಗೆಲ್ಲನ್ನು ತಾನೇ ಕೊಂದೆ ಎಂಬುದು ಅವರೊಳಗೆ ಹಾಗೇ ಕೂತಿದೆ. ಯಾರೂ ಅವರನ್ನು ಅದಕ್ಕಾಗಿ ಬೈದಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಈಗ ಶರಣ್ಯಾಳಿಗೆ ಮದುವೆ ಗೊತ್ತಾಗಿದೆ. ಅವಳು ಕುಂದಾಪುರದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಹುಡುಗ ರತನ್, ಬೈಂದೂರಿನ ಕಡೆಯವನು, ದೋಣಿಯ ಇಂಜಿನ್ ರಿಪೇರಿ ಮಾಡುತ್ತಾನೆ. ಒಳ್ಳೆಯ ಮಂದಿ. ಒಂದೇ ಒಂದು ಮಾತು ಕೇಳಿದ್ದಾರೆ: ಹುಡುಗಿಯ ತಂದೆಯ ಕ್ರಿಯೆ ಮುಗಿಸಿ ಮದುವೆ ಮಾಡಿ. ಪಾಂಡುವಿನ ಅಣ್ಣ ಪ್ರೇಮಾನಂದರೂ ಬಹಳ ಕಾಲದಿಂದ ಅದನ್ನೇ ಹೇಳುತ್ತಿರುವವರು. ದೇಹ ಸಿಗದವರಿಗೆ ದರ್ಭೆಯಲ್ಲಿ ಮನುಷ್ಯನ ಆಕಾರ ಕಟ್ಟಿ, ಸತ್ತವರ ಅಂಗಳದ್ದೇ ಮಾವಿನ ಸೌದೆ ಇಟ್ಟು ಸುಟ್ಟು, ಆಮೇಲೆ ಬೊಜ್ಜ ಮಾಡುವುದು ಅವರ ಮನೆತನದ ಕ್ರಮ. ಭಾನುವಾರಕ್ಕೆ ದಿನ ಇಟ್ಟಾಗಿದೆ.

ಪ್ರೇಮಾನಂದರು ಅಂಗಳಕ್ಕೆ ಬಂದು ಮರ ನೋಡಿದ ದಿನ ಕಮಲಕ್ಕ ಅಕ್ಕಿ ಆರಿಸುತ್ತಿದ್ದರು.

"ಈ ಒಣಗಿದ್ ಗೆಲ್ಲ್ ಸಾಕ್," ಎಂದರು ಪ್ರೇಮಾನಂದರು. "ಮಶೀನಿನವ್ನ ಕರ್ಕಂಡ್ ಬತ್ತೆ. ಒಂದ್ ಗಳಿಗಿ ಕೆಲ್ಸ."

"ಮಶೀನ್ ಬ್ಯಾಡ ಭಾವ. ನಾನೇ ಕಡೀತೆ."

"ಗಂಡನ ಸೌದಿ ಹೆಂಡ್ತಿ ಕಡೂದಾ? ಎಲ್ಲಿತ್ತ್ ಆ ಕ್ರಮ?"

"ಊರ್ ಮರ ಎಲ್ಲ ಕಡಿಯುಕೆ ನಾನ್ ಆತ್ತ್, ನನ್ನ ಮನಿದ್ದ್ ಆತಿಲ್ಯಾ?"

ಪ್ರೇಮಾನಂದರು ಹಗ್ಗ ಹೂತ ಜಾಗವನ್ನು ಮುಟ್ಟಿ ನೋಡಿದರು. ತಮ್ಮನನ್ನು ಹುಡುಕುತ್ತಾ ಶಿರೂರಿನವರೆಗೆ ನಡೆದವರಲ್ಲಿ ಅವರೇ ಮುಂದಿದ್ದವರು. ಹೊರಡುವಾಗ ಹೇಳಿದರು: "ಕಡಿ. ಆದ್ರೆ ಆ ಬಳ್ಳಿ ಬಿಚ್ಚಿಕಿ ಕಡಿ. ಸುಡುವಲ್ಲಿ ನೈಲಾನ್ ಆತಿಲ್ಲೆ."

ಸೋಮವಾರ ಕಡಿಯುತ್ತೇನೆಂದರು, ಕಡಿಯಲಿಲ್ಲ. ಬುಧವಾರ ಮೋಡವಿದೆ ಎಂದರು. ಶುಕ್ರವಾರ ಮಗಳು ಕೆಲಸದಿಂದ ಬಂದು ಅಂಗಳದಲ್ಲಿ ನಿಂತು ಮರ ನೋಡಿದಳು, ಅಮ್ಮನನ್ನು ನೋಡಿದಳು.

"ಅಬ್ಬಿ, ನೀನ್ ಅಪ್ಪಯ್ಯನ್ನ ಕಾಯ್ತಿದ್ಯಾ, ಬಳ್ಳಿ ಕಾಯ್ತಿದ್ಯಾ?"

"ನಿಂಗ್ ಗೊತ್ತಾತಿಲ್ಲೆ."

"ನಂಗೂ ಅಪ್ಪಯ್ಯನೇ ಅಲ್ದಾ ಅವ್ರ್. ನಿಂಗ್ ಬಳ್ಳಿ ಆದ್ರೂ ಇತ್ತ್. ನಂಗ್ ಎಂತ ಇತ್ತ್?"

ಮಗಳು ಒಳಗೆ ಹೋಗಿ ಒಲೆಗೆ ನೀರಿಟ್ಟಳು. ಅಮ್ಮನ ಬೆರಳಿಗೆ ಬಿಸಿನೀರು ಬೇಕಲ್ಲ.

ಭಾನುವಾರ ಬೆಳಕು ಹರಿಯುವ ಹೊತ್ತು. ಕಡಲಿನ ಕಡೆಯಿಂದ ಗಾಳಿ ಇನ್ನೂ ಎದ್ದಿಲ್ಲ. ಕಮಲಕ್ಕ ಮಾವಿನ ಮರದ ಬುಡದಲ್ಲಿ ಗೋಣಿಚೀಲ ಹಾಸಿದ್ದಾರೆ. ಇವತ್ತು ಅದರ ಮೇಲಿರುವುದು ಎರಡು ಗರಗಸ ಮಾತ್ರ. ಗೆಲ್ಲು ಮಣಿಕಟ್ಟಿನಷ್ಟು ದಪ್ಪವಿದೆ, ಕತ್ತರಿಗೆ ಬಾಗುವಂಥದ್ದಲ್ಲ. ಪ್ರೇಮಾನಂದರು ಒಂದಿಬ್ಬರು ನೆಂಟರೊಡನೆ ಅಂಗಳದ ಆಚೆ ನಿಂತಿದ್ದಾರೆ. ಶರಣ್ಯಾ ಜಗಲಿಯ ಕಂಬ ಹಿಡಿದುಕೊಂಡಿದ್ದಾಳೆ.

ಕಮಲಕ್ಕ ಉಗುರಿನಿಂದ ಕೆರೆಯುತ್ತಾರೆ. ಹಗ್ಗದ ಆಚೆ ಕಂದು. ಇನ್ನೂ ಆಚೆ, ಕಂದು. ಹಗ್ಗದ ಈಚೆ, ಕಾಂಡಕ್ಕೆ ಅಂಟಿಕೊಂಡ ನಾಲ್ಕು ಬೆರಳಿನಷ್ಟು ಜಾಗದಲ್ಲಿ, ಹಸಿರು. ಹಗ್ಗದವರೆಗೆ ಮರ ಬದುಕಿದೆ, ಅಲ್ಲಿಂದಾಚೆಗೆ ಇಲ್ಲ. ಯಾರೂ ಅವಸರ ಮಾಡುವುದಿಲ್ಲ.

ಮೊದಲು ಕೈಗೆ ತೆಗೆದುಕೊಳ್ಳುವುದು ಸಣ್ಣ ಹಲ್ಲಿನ ಹಳೆಯ ಗರಗಸ. ಪಾಂಡುವಿನದು, ದೋಣಿಯ ಹಲಗೆ ಕೊಯ್ಯುತ್ತಿದ್ದದ್ದು, ಹಿಡಿಯಲ್ಲಿ ಅವರ ಅಂಗೈಯ ಸವೆತವಿದೆ. ಸತ್ತ ಮರಕ್ಕೆ ಅದೇ ಸರಿ. ಹಗ್ಗದ ಆಚೆ ಒಂದು ಗೇಣು ಬಿಟ್ಟು ಅದನ್ನು ಇಡುತ್ತಾರೆ. ಒಣಗಿದ ಮರದ ಸದ್ದು ಗಟ್ಟಿ, ಪುಡಿ ಬಿಳಿ. ಗೆಲ್ಲು ದೊಪ್ಪನೆ ಅಂಗಳಕ್ಕೆ ಬೀಳುತ್ತದೆ. ಅದು ಸುಡುವುದಕ್ಕೆ.

ಪ್ರೇಮಾನಂದರು ಮುಂದೆ ಬಂದು ಮರದಲ್ಲಿ ಉಳಿದ ತುಂಡನ್ನು ನೋಡುತ್ತಾರೆ. ಗಂಟು ಹಾಗೇ ಇದೆ. "ಬಳ್ಳಿ ಬಿಚ್ಚುಲಿಲ್ಲೆ ಅಲ್ದಾ?" ಎನ್ನುತ್ತಾರೆ.

"ಸುಡುವಲ್ಲಿ ಬಳ್ಳಿ ಇಲ್ಲೆ ಭಾವ. ತಕಂಡ್ ಹೋಯ್ನಿ."

ಆಮೇಲೆ ಮಡಚುವ ಗರಗಸ ಬಿಡಿಸುತ್ತಾರೆ. ದೊಡ್ಡ ಹಲ್ಲಿನದು, ಹಸಿಗೆ. ಹಗ್ಗದ ಈಚೆ, ಗೆಲ್ಲು ಕಾಂಡವನ್ನು ಸೇರುವಲ್ಲಿ ತೊಗಟೆ ಕೊರಳಪಟ್ಟಿಯಂತೆ ಉಬ್ಬಿದೆ. ಆ ಉಬ್ಬನ್ನು ಕೊಯ್ಯಬಾರದು, ಗಾಯ ಮುಚ್ಚುವುದು ಅದರಿಂದಲೇ. ಅದರ ಹೊರಗೆ, ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ಯುತ್ತಾರೆ, ತೊಗಟೆ ಸಿಗಿದು ಕಾಂಡಕ್ಕೆ ಇಳಿಯದಿರಲಿ ಎಂದು. ಆಮೇಲೆ ಮೇಲಿನಿಂದ. ಹಸಿ ಮರದ ಸದ್ದು ಬೇರೆ, ಮೆತ್ತಗೆ. ಪುಡಿ ಒದ್ದೆಯಾಗಿ ಬೆರಳಿಗೆ ಅಂಟುತ್ತದೆ. ಸೊನೆ ಒಸರುತ್ತದೆ. ಕಣ್ಣೊರೆಸಲು ಕೈ ಎತ್ತಿದವರು ಸೊನೆ ನೆನಪಾಗಿ ತೋಳಿನಿಂದ ಒರೆಸಿಕೊಳ್ಳುತ್ತಾರೆ. ಕೊನೆಯ ಎಳೆತಕ್ಕೆ ಮೊದಲು ಎಡಗೈಯಿಂದ ತುಂಡನ್ನು ಹಿಡಿದುಕೊಳ್ಳುತ್ತಾರೆ. ಅದನ್ನು ನೆಲಕ್ಕೆ ಬೀಳಲು ಬಿಡುವುದಿಲ್ಲ.

ಪ್ರೇಮಾನಂದರು ಹಿತ್ತಿಲಿನಿಂದ ಗೇರೆಣ್ಣೆಯ ಡಬ್ಬಿ ತಂದಿದ್ದಾರೆ. ಕಡಲಿನವರ ಕೈ ಕೊಯ್ದ ಮರ ಕಂಡರೆ ಅದಕ್ಕೇ ಹೋಗುತ್ತದೆ. ಕಮಲಕ್ಕ ತಡೆಯುತ್ತಾರೆ.

"ಬ್ಯಾಡ ಭಾವ. ಇದ್ ದ್ವಾಣಿ ಅಲ್ಲ. ಹಾಂಗೇ ಬಿಡಿ, ಗಾಳಿಗ್ ಒಣ್ಗಲಿ. ಅದೇ ಮುಚ್ಕಣತ್ತ್."

ದಡದಲ್ಲಿ, ಗಾಳಿ ಏಳುವ ಮೊದಲು, ದರ್ಭೆಯ ಪಾಂಡುವನ್ನು ಸುಡುವುದು ಬೇಗ ಮುಗಿಯುತ್ತದೆ. ಹುಲ್ಲಿಗೆ ಎಷ್ಟು ಹೊತ್ತು? ಒಣ ಮಾವು ಮಾತ್ರ ಸ್ವಲ್ಪ ಹೊತ್ತು ಕೆಂಡವಾಗಿ ಉಳಿಯುತ್ತದೆ. ಬೂದಿ ಬಿಡಲು ಪ್ರೇಮಾನಂದರು ಅಳಿವೆಯ ನೀರಿಗೆ ಇಳಿಯುತ್ತಾರೆ. ಹೆಂಗಸರು ದೂರ ನಿಲ್ಲಬೇಕು. ಕಮಲಕ್ಕ ನಿಲ್ಲುವುದಿಲ್ಲ, ಶರಣ್ಯಾಳೂ ನಿಲ್ಲುವುದಿಲ್ಲ. ಅಮ್ಮನ ಮೊಣಕೈ ಹಿಡಿದುಕೊಂಡು ಮೊಣಕಾಲು ನೀರಿನವರೆಗೆ ಬರುತ್ತಾಳೆ. ಯಾರೂ ಅವರನ್ನು ಕರೆಯುವುದಿಲ್ಲ.

ಕಮಲಕ್ಕ ಸೆರಗಿನಿಂದ ಆ ತುಂಡನ್ನು ತೆಗೆಯುತ್ತಾರೆ. ಒಂದು ಕಡೆ ಒಣಗಿದ ಬಾಯಿ, ಇನ್ನೊಂದು ಕಡೆ ಇನ್ನೂ ಒಸರುವ ಹಸಿ ಬಾಯಿ, ನಡುವೆ ತೊಗಟೆಯೊಳಗೆ ಹೂತ ನೀಲಿ ಹಗ್ಗ, ಎರಡು ಸುತ್ತು, ಒಂದು ಗಂಟು. ಮಗಳ ಕೈಯನ್ನು ತೆಗೆದು ಗಂಟಿನ ಮೇಲೆ ಇಡುತ್ತಾರೆ. ಶರಣ್ಯಾ ಹೆಬ್ಬೆರಳಿನಿಂದ ಅದನ್ನು ಒಮ್ಮೆ ಒತ್ತಿ ನೋಡುತ್ತಾಳೆ. ಗಟ್ಟಿಯಾಗಿದೆ.

"ನಾನ್ ಬಿಚ್ಚಲೂ ಇಲ್ಲೆ, ಕೊಯ್ಲೂ ಇಲ್ಲೆ," ಎನ್ನುತ್ತಾರೆ ಕಮಲಕ್ಕ. ಮಗಳಿಗೆ ಹೇಳಿದ್ದಲ್ಲ. ಬಾಗಿ, ತುಂಡನ್ನು ನೀರಿನ ಮೇಲೆ ಇಡುತ್ತಾರೆ. ಅದು ಮುಳುಗುವುದಿಲ್ಲ; ಇಳಿತದ ನೀರು ಅದನ್ನು ತಿರುಗಿಸುತ್ತಾ ಕಡಲಿನ ಕಡೆಗೆ ಎಳೆದುಕೊಳ್ಳುತ್ತದೆ.

"ಸಂಜಿಗ್ ಬಿಚ್ತೆ ಅಂದಿರಲೆ. ಇಕಣಿ, ಬಿಚ್ಕಣಿ."